ಖಸ್ಸಿ ಹುಂಜ

ಸಾಹೇಬನ ಅಡುಗೆ ಮಾಡುವ ಬಬರ್ಚಿ ಬುಟ್ಟಿಯನ್ನು ಕಾಲಿನಿಂದ ದೂಡಿದ. ಬುಟ್ಟಿ ಉರುಳಿತು. ಬಾಯಿಗೆ ಕಟ್ಟಿದ್ದ ಬಲೆ ಸಡಿಲಾಗಿ ಒಳಗಿದ್ದ ಕೋಳಿಗಳು ಕೂಗುತ್ತ ಡೇರೆಗಳ ನಡುವೆ ಚದುರಿದವು. ತಳವಾರ ಗಾಳೆಪ್ಪ ಅವುಗಳ ಹಿಂದೆ ಓಡಿದ. ಒಂದು ಕುದುರೆಯ ಕಾಲ ಕೆಳಗೆ ನುಗ್ಗಿತು, ಇನ್ನೊಂದು ಡೇರೆಯ ಹಗ್ಗಕ್ಕೆ ಸಿಕ್ಕಿಕೊಂಡು ರೆಕ್ಕೆ ಬಡಿಯಿತು. ಎಲ್ಲವನ್ನೂ ಹಿಡಿದು ತಂದು ಮತ್ತೆ ನಿಲ್ಲುವಷ್ಟರಲ್ಲಿ ಅವನ ರುಮಾಲು ಬಿಚ್ಚಿ ಹೆಗಲ ಮೇಲೆ ಬಿದ್ದಿತ್ತು.

"ಇದಲ್ಲ" ಎಂದ ಬಬರ್ಚಿ. "ಸಾಬ್ ಏನ್ ಹೇಳಿದ್ರು? ಖಸ್ಸಿ. ಖಸ್ಸಿ ಮುರ್ಗಾ. ನೀ ಏನ್ ತಂದಿ?"

"ಊರಾಗಿನ ಛಲೋ ಛಲೋ ಕೋಳಿನ ಆರಿಸಿ ತಂದೀನ್ರಿ. ಖಾಸಾ ಕೋಳಿ ಬೇಕಂತ ಕುಲಕರ್ಣೇರು ಹೇಳಿದ್ರು."

"ಖಾಸಾ ಅಲ್ಲ. ಖಸ್ಸಿ!"

ಗಾಳೆಪ್ಪ ತಲೆ ಕೆರೆದುಕೊಂಡ. ಚಳಿಗಾಲ ಬಂತೆಂದರೆ ಹೈದರಾಬಾದಿನಿಂದ ಈ ದೊಡ್ಡ ಸಾಹೇಬ ಕುಷ್ಟಗಿ ಸೀಮೆಯ ಬಯಲಿಗೆ ಚಿಗರಿ ಬೇಟೆಗೆಂದು ಬರುತ್ತಿದ್ದ. ಊರ ಹೊರಗಿನ ಹುಣಸೆ ತೋಪಿನಲ್ಲಿ ಅವನ ಡೇರೆಗಳು ಏಳುತ್ತಿದ್ದವು. ಕಟ್ಟಿಗೆ, ಹುಲ್ಲು, ಹಾಲು, ತತ್ತಿ, ಕೋಳಿ ಎಲ್ಲವನ್ನೂ ಊರು ಬಿಟ್ಟಿಯಾಗಿ ಒದಗಿಸಬೇಕು. ಊರಿನ ಗೌಡರಾದ ದೊಡ್ಡಬಸಪ್ಪಗೌಡರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರು, ಕೋಳಿಯ ಹೆಸರೆತ್ತಿದರೆ ಬಾಯಿ ಮುಕ್ಕಳಿಸುವವರು. ಹೀಗಾಗಿ ರೆಕ್ಕೆ ಪುಕ್ಕ ಇರುವುದೆಲ್ಲ ತಳವಾರನ ಪಾಲಿಗೆ ಬರುತ್ತಿತ್ತು.

ಬಬರ್ಚಿ ಬೀದರಿನ ಮುದುಕ, ಮುರುಕು ಕನ್ನಡ ಬಲ್ಲವನು. ಗಾಳೆಪ್ಪನ ಮುಖ ನೋಡಿ ಅವನಿಗೆ ಸಿಟ್ಟಿಳಿಯಿತು. ಎಡಗೈಯ ಎರಡು ಬೆರಳು ಜೋಡಿಸಿ ಹಿಡಿದು, ಬಲಗೈಯಿಂದ ಅವನ್ನು ಕಿತ್ತು ಹಿಂದಕ್ಕೆ ಎಸೆದಂತೆ ಮಾಡಿ ತೋರಿಸಿದ.

"ಹೋರಿಗೆ ಮಾಡ್ತೀರಲ್ಲ? ಐಸಾಚ್. ಹುಂಜಕ್ಕ."

ಕಟ್ಟಿಗೆ ಹೊರೆ ಇಳಿಸುತ್ತಿದ್ದ ಗಿಡ್ಡಪ್ಪ ಕಿಸಕ್ಕನೆ ನಕ್ಕ. ಬಿಟ್ಟಿಗೆ ಬಂದಿದ್ದ ಮಿಕ್ಕವರೂ ಕೆಲಸ ಬಿಟ್ಟು ಹತ್ತಿರ ಬಂದರು.

"ಹುಂಜದ್ದು ಒಳಗ ಇರತೈತಲ್ರಿ" ಎಂದ ಗಾಳೆಪ್ಪ.

"ಒಳಗಿಂದಾನ ತಗೀಬೇಕು. ಆಮ್ಯಾಲೆ ಹುಂಜ ಕೂಗಂಗಿಲ್ಲ, ಜಗಳಾ ತಗಿಯಂಗಿಲ್ಲ, ಹೆಣ್ಣಿನ ಹಿಂದ ಓಡಂಗಿಲ್ಲ. ತಿನ್ನೋದು, ಕೂಡೋದು. ಮಾಂಸ ಬೆಣ್ಣಿ ಹಂಗ ಆಗತೈತಿ. ಅದು ಖಸ್ಸಿ."

"ಕೂಗಂಗಿಲ್ಲ, ಜಗಳಾ ತಗಿಯಂಗಿಲ್ಲ" ಎಂದು ಗಿಡ್ಡಪ್ಪ ಉಳಿದವರತ್ತ ತಿರುಗಿದ. "ಹಂಗಾರ ನಮ್ಮ ಗಾಳೆಪ್ಪ ಇದ್ದಂಗ ಅನ್ನು!"

ಎಲ್ಲರೂ ನಕ್ಕರು. ಗಾಳೆಪ್ಪನೂ ನಕ್ಕ. ಆಗ ಅದರಲ್ಲಿ ನೋಯುವಂಥದ್ದೇನೂ ಅವನಿಗೆ ಕಾಣಲಿಲ್ಲ.

ಬಬರ್ಚಿ ಆವತ್ತೇ ಬುಟ್ಟಿಯಿಂದ ಒಂದು ಎಳೆಯ ಹುಂಜವನ್ನು ತೆಗೆದು, ಕಾಲು ರೆಕ್ಕೆ ಕಟ್ಟಿ, ಪಕ್ಕೆಲುಬಿನ ಸಂದಿಯಲ್ಲಿ ಪುಕ್ಕ ಕಿತ್ತು, ಸಣ್ಣ ಚಾಕುವಿನಿಂದ ಸೀಳಿ, ಒಳಗಿನಿಂದ ಅವರೆಕಾಳಿನಂಥ ಎರಡನ್ನು ತಂತಿಯ ಕೊಂಡಿಯಿಂದ ಎಳೆದು ತೋರಿಸಿದ. ಗಾಯಕ್ಕೆ ಅರಿಶಿನ ಎಣ್ಣೆ ಸವರಿ ಹೊಲಿಗೆ ಹಾಕಿದ. ಕೆಳಗೆ ಬಿಟ್ಟಾಗ ಹುಂಜ ತೂರಾಡಿ ಎರಡು ಹೆಜ್ಜೆ ನಡೆದು, ನೆಲದ ಮೇಲಿದ್ದ ಅಕ್ಕಿಕಾಳನ್ನು ಕುಕ್ಕಿ ತಿಂದಿತು. ಅಷ್ಟೆಲ್ಲ ಆದಮೇಲೂ ಅದಕ್ಕೆ ಹಸಿವಾಗಿದೆಯಲ್ಲ ಎಂದು ಗಾಳೆಪ್ಪನಿಗೆ ಆಶ್ಚರ್ಯವಾಯಿತು. ಮುಂದಿನ ಚಳಿಗಾಲಕ್ಕೆ ಒಂದು ಗೂಡು ತುಂಬ ಖಸ್ಸಿ ತಯಾರಿರಬೇಕೆಂದು ಸಾಹೇಬನ ಹುಕುಂ ಆಯಿತು. ಹುಕುಂ ಗೌಡರಿಗೆ ಬಂತು, ಗೌಡರಿಂದ ಗಾಳೆಪ್ಪನಿಗೆ ಬಂತು.

ಮಳೆಗಾಲದಲ್ಲಿ ಅವನು ಮನೆಯ ಹಿತ್ತಲಲ್ಲಿ ಕೆಲಸಕ್ಕೆ ಕೂತ. ಮೊದಮೊದಲು ಕೆಲವು ಸತ್ತವು. ಅವನ ತಾಯಿ ಪಕ್ಕೀರವ್ವ ಅವನ್ನು ಬೇಯಿಸಲು ಒಪ್ಪದೆ ಒಯ್ದು ಹೂಳಿದಳು. "ಜೀವಾ ತಗದ್ರ ತಗಿ, ಅದು ಬ್ಯಾರೆ. ಹಿಂಗ ಅರ್ಧಾ ಮಾಡಿ ಬಿಡಬ್ಯಾಡಪ್ಪ" ಎಂದು ಹೇಳಿದಳು. ಆದರೆ ದಿನ ಕಳೆದಂತೆ ಗಾಳೆಪ್ಪನ ಕೈ ಕೂತಿತು. ಸಾಯುವುದು ನಿಂತಿತು. ಹೆಂಡತಿ ಉಡಚಮ್ಮ ಸಜ್ಜೆಯ ನುಚ್ಚಿಗೆ ಗೌಡರ ಮನೆಯ ಮಜ್ಜಿಗೆ ಕಲಸಿ ಅವುಗಳ ಮುಂದಿಡುತ್ತಿದ್ದಳು. ಹುಂಜಗಳ ಕೆಂಪು ಜುಟ್ಟು ಸಣ್ಣದಾಗಿ ಬಿಳಿಚಿಕೊಂಡಿತು. ಕೂಗು ನಿಂತಿತು. ಮೈ ಮಾತ್ರ ದಿನದಿನಕ್ಕೆ ತುಂಬಿಕೊಂಡು ಎತ್ತಿದರೆ ಕೈ ಜಗ್ಗುವಂತಾಯಿತು. ತಾಯಿ ಸತ್ತ ಕೋಳಿಮರಿಗಳು ಕೆಲವಿದ್ದವು. ಒಂದು ಮುಂಜಾನೆ ನೋಡಿದರೆ ಅವು ಖಸ್ಸಿ ಹುಂಜವೊಂದರ ರೆಕ್ಕೆಯೊಳಗೆ ಸೇರಿಕೊಂಡಿದ್ದವು. ಹುಂಜ ಕಣ್ಣು ಅರೆಮುಚ್ಚಿ ಕದಲದೆ ಕೂತಿತ್ತು.

"ನೋಡಿಲ್ಲಿ" ಎಂದು ಅವನು ಉಡಚಮ್ಮನನ್ನು ಕರೆದು ತೋರಿಸಿದ. ಅವಳು ನೋಡಿದಳು. ಒಳಗೆ ಹೋದಳು. ಅವರ ಮದುವೆಯಾಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ.

ಚಳಿಗಾಲದಲ್ಲಿ ಸಾಹೇಬ ಬಂದ, ಉಂಡ, ಮೆಚ್ಚಿದ. ಬಬರ್ಚಿಯ ಸಂತೋಷಕ್ಕೆ ಪಾರವಿರಲಿಲ್ಲ. ಹೈದರಾಬಾದಿನಲ್ಲೂ ಇಂಥ ಹುಂಜ ಸಿಗುವುದಿಲ್ಲ ಎಂದ. ಏನು ಬೇಕಾದರೂ ತೋಪಿನ ಅಂಚಿಗೆ ಬಂದು ನಿಂತು ಊರಿನತ್ತ ಬಾಯಿ ಮಾಡಿ "ಅರೇ ಓ ಖಸ್ಸಿವಾಲಾ! ಖಸ್ಸಿವಾಲಾ ಗಾಳೆಪ್ಪಾ!" ಎಂದು ಪ್ರೀತಿಯಿಂದ ಕೂಗುತ್ತಿದ್ದ. ಆ ಕೂಗು ಕೇಳಿದಾಗ ಗಾಳೆಪ್ಪನಿಗೆ ಮೈ ಸ್ವಲ್ಪ ನೆಟ್ಟಗಾಗುತ್ತಿತ್ತು. ಊರಲ್ಲಿ ತಳವಾರನನ್ನು ಅಷ್ಟು ದೊಡ್ಡ ದನಿಯಲ್ಲಿ ಒಳ್ಳೆಯದಕ್ಕೆ ಕರೆದವರು ಅದುವರೆಗೆ ಯಾರೂ ಇರಲಿಲ್ಲ.

ಡೇರೆಗಳು ಹೋದವು. ಬಬರ್ಚಿಯೂ ಹೋದ. ಊರವರ ಬಾಯಿಗೆ 'ವಾಲಾ' ಎಂಬುದು ಹೊಂದಲಿಲ್ಲ, ಅದು ಬಿದ್ದುಹೋಯಿತು. ಖಸ್ಸಿ ಗಾಳೆಪ್ಪ ಉಳಿದುಕೊಂಡ.

ಮೊದಲು ಚಾವಡಿಯಲ್ಲಿ ಗಿಡ್ಡಪ್ಪ ಅಂದ. ಆಮೇಲೆ ಕುರಿ ಕಾಯುವವರು ಅಂದರು. ಬರಬರುತ್ತ ನಗೆಯಿಲ್ಲದೆಯೂ ಅನ್ನತೊಡಗಿದರು. "ಯಾರು ಹೇಳಿದ್ದು?" ಎಂದರೆ "ಖಸ್ಸಿ ಗಾಳ್ಯಾ ಹೇಳಿದ" ಎಂದು ಸಹಜವಾಗಿ, ಕುಂಟ ಭೀಮ ಎಂದಂತೆ, ಕರಿ ನಿಂಗ ಎಂದಂತೆ. ಗಾಳೆಪ್ಪನಿಗೆ ಅದೇ ಹೆಚ್ಚು ಉರಿಯುತ್ತಿತ್ತು. ನಕ್ಕರೆ ಬೈಯಬಹುದು. ನಗದೆ ಅಂದವನನ್ನು ಏನು ಮಾಡುವುದು?

ಒಂದು ದಿನ ಉಡಚಮ್ಮ ಬಾವಿಯಿಂದ ಅರ್ಧ ಕೊಡ ನೀರು ತಂದು ಇಳಿಸಿದಳು. ಸೀರೆಯೆಲ್ಲ ತೊಯ್ದಿತ್ತು.

"ಏನಾತು?" ಎಂದ ಗಾಳೆಪ್ಪ.

"ಏನಿಲ್ಲ."

"ಯಾರರ ಏನರ ಅಂದ್ರೇನ?"

ಅವಳು ಸೆರಗು ಹಿಂಡಿಕೊಂಡಳು. "ಹೊಸದಾಗಿ ಗಂಡನ ಮನಿಗೆ ನಡ್ಯಾಕ ಬಂದ ಹುಡುಗಿ ಒಬ್ಬಾಕಿ ನಾ ಯಾರ ಪೈಕಿ ಅಂತ ಕೇಳಿದ್ಲು. ಭೀಮಕ್ಕ ಹೇಳಿದ್ಲು, 'ಖಸ್ಸಿ ಗಾಳ್ಯಾನ ಹೇಂತಿ' ಅಂತ. ಆಕಿ 'ಖಸ್ಸಿ ಅಂದ್ರೇನ್ರಿ?' ಅಂದ್ಲು. ಭೀಮಕ್ಕ ನನ್ನ ಹೊಟ್ಟಿ ಕಡೆ ನೋಡಿ 'ತಿಳಕೊಳ್ಳವ್ವ' ಅಂದ್ಲು. ಎಲ್ಲಾರೂ ನಕ್ರು. ಹಗ್ಗ ಕೈಯಿಂದ ಜಾರಿತು."

ಮರುದಿನದಿಂದ ಅವಳು ಬಾವಿಗೆ ಹೋಗುವುದನ್ನು ಬಿಟ್ಟಳು. ಊರಾಚೆಯ ಹಳ್ಳದಲ್ಲಿ ವರತೆ ತೋಡಿ, ಬಟ್ಟಲಿನಿಂದ ತುಂಬಿಕೊಂಡು ಬರುತ್ತಿದ್ದಳು. ಒಂದು ಕೊಡ ತುಂಬಲು ಬಹಳ ಹೊತ್ತು ಹಿಡಿಯುತ್ತಿತ್ತು.

ಗಾಳೆಪ್ಪ ಗೌಡರ ಮನೆಗೆ ಹೋದ. ಕಟ್ಟೆಯ ಕೆಳಗೆ ನಿಂತು, ಬಾಯಿಯ ಮುಂದೆ ರುಮಾಲಿನ ತುದಿ ಹಿಡಿದು ಹೇಳಿಕೊಂಡ. ಹೇಳುವಾಗ ಆ ಶಬ್ದವನ್ನು ಅವನೇ ನಾಲ್ಕಾರು ಸಲ ಅನ್ನಬೇಕಾಯಿತು. ಗೌಡರು ಎಲೆಗೆ ಸುಣ್ಣ ಸವರುತ್ತ ಕೇಳಿದರು. ತುಟಿಯ ಮೇಲೆ ನಗು ಬಂದರೂ ತಡೆದುಕೊಂಡರು. ಅವರು ಕೆಟ್ಟ ಮನುಷ್ಯರಲ್ಲ.

"ಹೌದಪ್ಪ, ತಪ್ಪದು. ನಿನಗ ಮಾಡಾಕ ಹಚ್ಚಿದವ್ರು ನಾವು, ಅನ್ನಿಸಿಕೊಳ್ಳಾವ ನೀನಾದಿ. ಇವತ್ತ ಬಂದೋಬಸ್ತ ಮಾಡತೀನಿ, ನೀ ಹೋಗು."

ಸಂಜೆ ಹಲಗೆಯ ಸದ್ದು ಕೇಳಿಸಿತು. ಗಾಳೆಪ್ಪ ಬಾಗಿಲಿಗೆ ಬಂದು ನಿಂತ. ಡಂಗುರದ ಕಾಳಪ್ಪ ಓಣಿಯ ತಿರುವಿನಲ್ಲಿ ನಿಂತು, ಹಲಗೆ ಬಡಿದು, ಕಿವಿಗೆ ಕೈ ಹಚ್ಚಿ ಎದೆ ಬಿಚ್ಚಿ ಕೂಗಿದ.

"ಕೇಳ್ರಪ್ಪೋ ಕೇಳ್ರೀ! ಇನ್ನ ಮ್ಯಾಲೆ ತಳವಾರ ಗಾಳೆಪ್ಪಗ ಯಾರೂ ಖಸ್ಸಿ ಅನಬಾರದ್ರಪ್ಪೋ! ಖಸ್ಸಿ ಗಾಳೆಪ್ಪ ಅಂದವರಿಗೆ ಗೌಡ್ರು ದಂಡಾ ಹಾಕತಾರ್ರಪ್ಪೋ!"

ಕಾಳಪ್ಪ ತನ್ನ ಕೆಲಸದಲ್ಲಿ ಪ್ರಾಮಾಣಿಕ. ಒಂದು ಓಣಿಯನ್ನೂ ಬಿಡಲಿಲ್ಲ. ಮೇಲಿನ ಓಣಿ, ಬಣಗಾರರ ಓಣಿ, ಅಗಸಿ ಬಾಗಿಲು, ಕೊನೆಗೆ ಹೊಲದಿಂದ ಬರುವವರು ಸೇರುವ ಆಲದ ಕಟ್ಟೆ. ಎಂದೂ ಚಾವಡಿಗೆ ಬಾರದ ಮುದುಕಿಯರು ಹೊರಗೆ ಬಂದು ಏನಂತೆ ಏನಂತೆ ಎಂದು ಕೇಳಿ ತಿಳಿದುಕೊಂಡರು. ಮಕ್ಕಳು ಕಾಳಪ್ಪನ ಹಿಂದೆ ಮೆರವಣಿಗೆ ಹೊರಟರು. ಗಾಳೆಪ್ಪ ಒಳಗೆ ಬಂದು ಗೋಡೆಗೆ ತಲೆಯೊತ್ತಿ ಕೂತ. ಪಕ್ಕೀರವ್ವ "ಸಾಕು ಮಾಡಂತ ಹೇಳಾಕ ಹೋಗಿದ್ಯೋ, ಸಾರಂತ ಹೇಳಾಕ ಹೋಗಿದ್ಯೋ?" ಎಂದಳು.

ಮಳೆ ಬಿದ್ದ ಮೇಲೆ ಮತ್ತೆ ಹುಂಜಗಳನ್ನು ಸಿದ್ಧಮಾಡುವ ಕಾಲ ಬಂತು. ಈ ಸಲ ಆಗುವುದಿಲ್ಲವೆಂದು ಗಾಳೆಪ್ಪ ಗೌಡರಿಗೆ ಹೇಳಿದ. ಗೌಡರು ನಗಲಿಲ್ಲ. "ಸಾಹೇಬ ಬಂದು ಕೇಳಿದ್ರ ನಾ ಏನು ಕೊಡ್ಲಿ? ನಿನ್ನ ಕೊಡ್ಲೇನ? ಮಾಡ್ಹೋಗು" ಎಂದರು. ಅವನು ಬೇರೆ ಹೆಸರಾದರೂ ಇಟ್ಟು ನೋಡೋಣವೆಂದು ಯೋಚಿಸಿದ. ಯಾರಾದರೂ ಕೇಳಿದರೆ "ಮೇಸಿದ ಹುಂಜ" ಎನ್ನತೊಡಗಿದ. "ಅಂದ್ರ?" ಎನ್ನುತ್ತಿದ್ದರು. "ಸಾಹೇಬ್ರಿಗೆ ಅಂತ ಕೊಬ್ಬಿಸಿದ್ದು" ಎಂದರೆ "ಓಹೋ, ಖಸ್ಸಿ" ಎಂದು ತಲೆಯಾಡಿಸುತ್ತಿದ್ದರು.

ಶ್ರಾವಣ ಮುಗಿಯುವ ಹೊತ್ತಿಗೆ ಹನುಮಸಾಗರದಿಂದ ಉಡಚಮ್ಮನ ಅಣ್ಣ ಮಾರೆಪ್ಪ ಬಂದ. ಕಾಲು ತೊಳೆದುಕೊಂಡು ಕಂಬಳಿಯ ಮೇಲೆ ಕೂತವನು ಬಹಳ ಹೊತ್ತು ಮಳೆ ಬೆಳೆ ಮಾತಾಡಿದ. ಕೊನೆಗೆ ನೆಲ ನೋಡುತ್ತ ಹೇಳಿದ.

"ಮಾವ, ಸಿಟ್ಟಾಗಬ್ಯಾಡ. ನಮ್ಮೂರಾಗೂ ಜನ ಕೇಳಾಕತ್ಯಾರ, ತಂಗೀನ ಎಂಥವನಿಗೆ ಕೊಟ್ಟೀಯೋ ಅಂತ. ನಮ್ಮವ್ವ ಊಟಾ ಬಿಟ್ಟಾಳ. ಉಡಚಿನ್ನ ಸ್ವಲ್ಪ ದಿನ ಕಳಿಸಿಕೊಡು."

ಸ್ವಲ್ಪ ದಿನ ಎಂದರೇನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಪಕ್ಕೀರವ್ವ ಮಾತಾಡಿದಳು.

"ಕರ್ಕೊಂಡ್ಹೋಗಪ್ಪ. ನನ್ನ ಮಗಗ ಇನ್ನೊಂದು ನೋಡತೀನಿ. ವರ್ಷದಾಗ ತೊಟ್ಲಾ ಕಟ್ಟಿ ತೋರಸ್ತೀನಿ ಈ ಊರಿಗೆ. ಆಗ ಗೊತ್ತಾಗತೈತಿ, ಕಡಿಮಿ ಯಾರದಿತ್ತಂತ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಉಡಚಮ್ಮನ ಕೈ ನಿಂತಿತು. ಹಂಚಿನ ಮೇಲಿದ್ದ ರೊಟ್ಟಿ ಸೀದು ವಾಸನೆ ಬರತೊಡಗಿತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟು, ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡಳು.

"ಅಣ್ಣಾ, ಊಟಾ ಮಾಡಿ ಹೋಗು" ಎಂದಳು. "ನಾ ಬರಂಗಿಲ್ಲ."

ಮಾರೆಪ್ಪ ಒತ್ತಾಯ ಮಾಡಿದ, ಬೈದ, ಕೊನೆಗೆ ಕಣ್ಣಲ್ಲಿ ನೀರು ತಂದುಕೊಂಡು ಹೋದ. ಅವನು ಹೋದಮೇಲೆ ಗಾಳೆಪ್ಪನಿಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಹಿತ್ತಲಲ್ಲಿ ಹೆಂಡತಿ ಹುಂಜಗಳಿಗೆ ನುಚ್ಚು ಹಾಕುತ್ತಿದ್ದಾಗ ಹೋಗಿ ನಿಂತ.

"ಯಾಕ ಹೋಗಲಿಲ್ಲ?"

"ಹೋದ್ರ ಜನ ಅಂದಿದ್ದು ಖರೇ ಅನ್ನಿಸತೈತಿ."

"ಖರೇ ಅಲ್ಲೇನ ಹಂಗಾರ? ನೀ ಏನು ತಿಳದಿ?"

ಉಡಚಮ್ಮ ಬೋಗುಣಿ ಕೆಳಗಿಟ್ಟಳು. ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ನನಗೇನು ಗೊತ್ತು?" ಎಂದಳು. "ಕೊರತಿ ನಿಂದೋ, ನಂದೋ. ಯಾರು ಒಳಗ ಹೊಕ್ಕು ನೋಡ್ಯಾರ?"

ಹೊಡೆಯಬೇಕೆಂದು ಅವನ ಕೈ ಮೇಲೆದ್ದಿತು. ಎದ್ದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಗೂಡಿನ ಮೇಲೆ ಗುದ್ದಿದ. ಹುಂಜಗಳು ಗಾಬರಿಯಾಗಿ ಒಂದರ ಮೇಲೊಂದು ಬಿದ್ದವು, ಒಂದೂ ಕೂಗಲಿಲ್ಲ. ಊರಿನ ಬೇರೆ ಯಾವ ಹಿತ್ತಲಲ್ಲೇ ಆಗಿದ್ದರೂ ಕೋಳಿಗಳು ಓಣಿ ಹಾರಿಹೋಗುವಂತೆ ಅರಚುತ್ತಿದ್ದವು. ಅವನಿಗೆ ತಾನು ಮಾಡಿದ ಈ ಮೌನದ ಮೇಲೆಯೇ ರೇಗಿಹೋಯಿತು. ಆಮೇಲೆ ಎಷ್ಟೋ ದಿನ ಗಂಡ ಹೆಂಡಿರ ನಡುವೆ ಉಪ್ಪು, ನೀರು, ಹಗ್ಗ ಎಂಬಂಥ ಮಾತಷ್ಟೇ ಉಳಿಯಿತು.

ಆ ಚಳಿಗಾಲ ಡೇರೆಗಳು ಬರಲಿಲ್ಲ. ಸಂಕ್ರಾಂತಿ ಕಳೆಯಿತು, ತೋಪು ಖಾಲಿಯಾಗಿಯೇ ಇತ್ತು. ಎಲ್ಲೋ ಜರ್ಮನಿಯವರ ಯುದ್ಧ ಶುರುವಾಗಿದೆಯೆಂದೂ, ಸಾಹೇಬನಿಗೆ ಔರಂಗಾಬಾದಿನ ಕಡೆ ವರ್ಗವಾಯಿತೆಂದೂ ಕುಲಕರ್ಣಿಯವರು ಸುದ್ದಿ ತಂದರು. ಗೂಡಿನ ತುಂಬ ಹುಂಜಗಳು ಮೈ ಹೊರಲಾರದಂತೆ ಕೊಬ್ಬಿ ಕೂತಿದ್ದವು.

"ಇನ್ನ ಇವನ್ನೇನು ಮಾಡ್ಲಿರಿ?" ಎಂದು ಗಾಳೆಪ್ಪ ಗೌಡರನ್ನು ಕೇಳಿದ.

"ಕೋಳಿ ಸುದ್ದಿ ನನ್ನ ಮುಂದ ತಗಿಬ್ಯಾಡ" ಎಂದರು ಗೌಡರು. "ಏನರ ಮಾಡ್ಕೊ. ಇವತ್ತಿನಿಂದ ಮಜ್ಜಿಗಿ ಸುದ್ದಾ ಇಲ್ಲ."

ಊರಲ್ಲಿ ಕೊಳ್ಳುವವರಿರಲಿಲ್ಲ. ಹರಕೆಗೆ ಅಂಗ ಊನವಾದ ಹುಂಜ ಆಗುವುದಿಲ್ಲವೆಂದು ಪೂಜಾರಿ ಅಂದ. ತಿಂದ ಗಂಡಸಿಗೂ ಅದೇ ಗತಿಯಾಗುತ್ತದೆಂದು ಗಿಡ್ಡಪ್ಪ ಹಬ್ಬಿಸಿದ್ದ, ಹೆಂಗಸರು ಅದನ್ನು ನಂಬಿದ್ದರು. ಪುಕ್ಕಟೆ ಕೊಡುತ್ತೇನೆಂದರೂ ಬೇಡವೆಂದರು. ಹುಂಜಗಳು ಮನೆಯ ಸಜ್ಜೆ ತಿಂದು ಮುಗಿಸತೊಡಗಿದವು. ಗಾಳೆಪ್ಪ ಒಂದು ಮುಂಜಾನೆ ಗೂಡಿನ ಬಾಗಿಲು ತೆರೆದು, "ಹೋಗ್ರಿ, ಎಲ್ಲರ ಹಾಳಾಗಿ ಹೋಗ್ರಿ" ಎಂದು ಹೊರಗಟ್ಟಿದ. ಅವು ಹಿತ್ತಲ ಬೇಲಿಯವರೆಗೆ ಹೋಗಿ ಅಲ್ಲೇ ಕೂತವು.

ಉಡಚಮ್ಮ ಒಂದೊಂದಾಗಿ ಎತ್ತಿ ತಂದು ಬುಟ್ಟಿಗೆ ಹಾಕಿದಳು. "ನಾಳೆ ಕುಷ್ಟಗಿ ಸಂತಿ ಐತಿ" ಎಂದಳು. "ಒಯ್ಯೋಣು ನಡಿ. ಅಲ್ಲಿ ಕಚೇರಿ ಮಂದಿ ಅದಾರ."

ಬೆಳಗಾಗುತ್ತಲೇ ಎರಡು ಬುಟ್ಟಿ ಹೊತ್ತು ಹೊರಟರು. ಊರಿಂದ ಕುಷ್ಟಗಿಗೆ ಎರಡು ಹರದಾರಿ. ದಾರಿಯಲ್ಲಿ ಕುಸುಬೆಯ ಹೊಲಗಳು ಹಳದಿಯಾಗಿ ನಿಂತಿದ್ದವು. ಸಂತೆಯ ಕೋಳಿ ಸಾಲಿನಲ್ಲಿ, ಗಡಿಗೆ ಮಾರುವ ಮುದುಕಮ್ಮ ಎಂಬವಳ ಪಕ್ಕದಲ್ಲಿ, ಅವರಿಗೆ ಜಾಗ ಸಿಕ್ಕಿತು. ಗಾಳೆಪ್ಪ ಕಾಲು ಕಟ್ಟಿದ ಹುಂಜಗಳನ್ನು ಚೀಲದ ಮೇಲೆ ಸಾಲಾಗಿ ಮಲಗಿಸಿದ.

"ಹುಂಜಾ ನೋಡ್ರಿ, ಹುಂಜಾ! ಮೇಸಿದ ಹುಂಜಾ!"

ಜನ ನಿಂತರು. ಎತ್ತಿ ತೂಗಿ ನೋಡಿದರು. ಜುಟ್ಟಿನ ಮೇಲೆ ಕಣ್ಣು ಬೀಳುತ್ತಲೇ ಕೆಳಗಿಟ್ಟರು.

"ಯಾಕ ಹಿಂಗ ಬಿಳಚಿಕೊಂಡಾವ? ಜಡ್ಡು ಬಂದೈತೇನ?"

"ಜಡ್ಡಲ್ರಿ. ಇವು ಹಂಗ ಇರತಾವ್ರಿ."

"ಜುಟ್ಟು ಬಾಡೇತಿ, ಧ್ವನಿ ಇಲ್ಲ, ಕದಲವಲ್ಲವು. ಜಡ್ಡಲ್ಲ ಅಂತೀಯಲ್ಲೋ."

ಮಾತು ಸಾಲಿನುದ್ದಕ್ಕೂ ಹೋಯಿತು. ಆಚೆ ಈಚೆ ಕೂತಿದ್ದ ಕೋಳಿ ಮಾರುವವರು ತಮ್ಮ ಬುಟ್ಟಿಗಳನ್ನು ದೂರ ಸರಿಸಿಕೊಂಡರು. ಅದರಲ್ಲೊಬ್ಬ ಹೋಗಿ ಸಂತೆಯ ಜವಾನನನ್ನು ಕರೆದು ತಂದ. ಜವಾನ ಕೈಯಲ್ಲಿದ್ದ ಬೆತ್ತದಿಂದ ಒಂದು ಹುಂಜದ ತಲೆ ಎತ್ತಿ ನೋಡಿದ.

"ಎತ್ತಲೇ ಬುಟ್ಟಿ. ರೋಗದ ಕೋಳಿ ತಂದು ಸಂತಿ ಕೆಡಸ್ತೀಯೇನ? ಇವನ್ನೆಲ್ಲಾ ಊರ ಹೊರಗ ಒಯ್ದು ಸುಡಬೇಕು."

"ರೋಗಿಲ್ರಿ ಯಪ್ಪಾ. ಇವು ಮೇಸಿದ ಹುಂಜ. ಸಾಹೇಬ್ರ ಸಲುವಾಗಿ ಮೇಸಿದ್ದು."

"ಮೇಸಿದ ಹುಂಜದ ಜುಟ್ಟು ಹಿಂಗಿರತೈತೇನ? ನಾ ಏನು ಹುಂಜಾ ನೋಡಿಲ್ಲ? ಯಾಕ ಹಿಂಗ ಅದಾವ, ಹೇಳು."

ಗಾಳೆಪ್ಪ ಸುತ್ತ ನೋಡಿದ. ಎದುರಿನ ಸಾಲಿನಲ್ಲಿ ಭೀಮಕ್ಕ ಮೆಣಸಿನಕಾಯಿ ಹರವಿಕೊಂಡು ಕೂತಿದ್ದಳು. ಅವಳ ಹಿಂದೆ ಗಿಡ್ಡಪ್ಪ ಕರುವಿನ ಹಗ್ಗ ಹಿಡಿದು ನಿಂತು, ಇತ್ತಲೇ ಕಿವಿಗೊಟ್ಟಿದ್ದ. ಒಂದು ಮಾತು. ಆ ಒಂದು ಮಾತು ಅಂದರೆ ಮುಗಿಯುತ್ತಿತ್ತು. ಅವನು ಬಗ್ಗಿ ಹುಂಜವೊಂದರ ಕಾಲಿನ ಹಗ್ಗ ಸರಿಮಾಡಿದ. "ಹಂಗ ಇರತಾವ್ರಿ" ಎಂದು ಮತ್ತೊಮ್ಮೆ ಅಂದ. ಜವಾನ ಬೆತ್ತದ ತುದಿಯಿಂದ ಚೀಲವನ್ನು ಎಳೆಯತೊಡಗಿದ.

ಉಡಚಮ್ಮ ಎದ್ದು ನಿಂತಳು. ಸೆರಗನ್ನು ಸೊಂಟಕ್ಕೆ ಬಿಗಿದಳು. ತಲೆ ಎತ್ತಿದಳು.

"ಖಸ್ಸಿ!" ಎಂದು ಕೂಗಿದಳು. "ಖಸ್ಸಿ ಹುಂಜ ಐತ್ರೀ! ಖಸ್ಸಿ ಹುಂಜಾ! ಬರ್ರೀ, ಖಸ್ಸಿ ಹುಂಜಾ!"

ಇಷ್ಟು ದೊಡ್ಡ ದನಿ ಅವಳಲ್ಲಿದೆಯೆಂದು ಗಾಳೆಪ್ಪನಿಗೆ ಗೊತ್ತಿರಲಿಲ್ಲ. ಭೀಮಕ್ಕ ತಕ್ಕಡಿ ಹಿಡಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ನೋಡಿದಳು. ಉಡಚಮ್ಮ ಅವಳತ್ತಲೇ ಮುಖಮಾಡಿ ಮತ್ತೆ ಕೂಗಿದಳು. ಮತ್ತೆ ಕೂಗಿದಳು. ಗಿಡ್ಡಪ್ಪ ನಕ್ಕ. ಜೊತೆಗೆ ನಗಲು ಯಾರೂ ಸಿಗದೆ ಕರುವಿನ ಕಿವಿ ತಿಕ್ಕತೊಡಗಿದ.

"ಖಸ್ಸಿನಾ?" ಎಂದ ಜವಾನ. ಬೆತ್ತ ಕಂಕುಳಿಗೆ ಸೇರಿತು. "ಹಂಗಂತ ಮೊದ್ಲ ಹೇಳಾಕ ಏನಾಗಿತ್ತಪ್ಪ ನಿನಗ? ಇಂಥವು ಇಲ್ಲೆಲ್ಲಿ ಸಿಗತಾವ?"

ಬಟ್ಟೆ ಅಂಗಡಿಯ ಮುಂದಿದ್ದ ಗಡ್ಡದ ಮುದುಕನೊಬ್ಬ ಬಂದು ಕುಕ್ಕರಗಾಲಲ್ಲಿ ಕೂತು, ಹುಂಜದ ಎದೆಯ ಪುಕ್ಕಗಳನ್ನು ಬಾಯಿಂದ ಊದಿ ಬಿಡಿಸಿ ಚರ್ಮದ ಹಳದಿ ಕೊಬ್ಬನ್ನು ನೋಡಿದ. ಮಗಳ ಮದುವೆಗೆ ಬೇಕೆಂದ. ಕಚೇರಿಯ ಅಡುಗೆಯವನು ಬಂದ. ಪೊಲೀಸ್ ಜಮಾದಾರನ ಮನೆಯ ಆಳು ಬಂದ. ಅವರ ಬಾಯಲ್ಲೆಲ್ಲ ಅದೇ ಶಬ್ದ, ಬೆಲ್ಲ ಅಂದಂತೆ, ತುಪ್ಪ ಅಂದಂತೆ ಬರುತ್ತಿತ್ತು.

"ಯಾರ ಕೈಯಿ ಇದು? ಗಾಯದ ಗುರುತು ಸುದ್ದಾ ಇಲ್ಲ" ಎಂದು ಮುದುಕ ಕೇಳಿದ.

"ನನ್ನ ಗಂಡನ ಕೈಯಿ" ಎಂದಳು ಉಡಚಮ್ಮ. "ಈ ಸೀಮ್ಯಾಗ ಇನ್ನೊಬ್ಬರಿಗೆ ಬರಂಗಿಲ್ರಿ."

ಹಾಗೆ ಹೇಳಿ ಅವಳು ಮತ್ತೆ ಕೂಗಲು ನಿಂತಳು. ಸಾಕು ಎಂದು ಅವಳ ಬಾಯಿ ಮುಚ್ಚಬೇಕೆನಿಸಿತು ಗಾಳೆಪ್ಪನಿಗೆ. ಕೂಗಲಿ ಎಂದೂ ಅನಿಸಿತು. ಹುಂಜಗಳ ಕಾಲಿನ ಹಗ್ಗ ಬಿಗಿ ಮಾಡಿ ಕೊಳ್ಳುವವರ ಕೈಗೆ ಕೊಡುತ್ತ, ಯಾರ ಮುಖವನ್ನೂ ನೋಡದೆ ಕೂತ. ತಾನು ಅನ್ನಬೇಕಾಗಿದ್ದ ಮಾತನ್ನು ಅವಳು ಅಂದಿದ್ದಳು. ಅದಕ್ಕೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಯಾಕೆಂದು ಹುಡುಕಿದರೆ ಎಲ್ಲಿಯೂ ಸಿಗುತ್ತಿರಲಿಲ್ಲ.

ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಬುಟ್ಟಿಗಳು ಬರಿದಾದವು. ಕಚೇರಿಯ ಅಡುಗೆಯವನು ಹೋಗುತ್ತ ತಿರುಗಿ ನಿಂತ.

"ಇನ್ನೂ ಬೇಕಾಗತಾವ. ಬಂದು ಯಾರಂತ ಕೇಳಬೇಕು? ನಿನ್ನ ಹೆಸರೇನು?"

"ಗಾಳೆಪ್ಪರಿ. ತಳವಾರ ಗಾಳೆಪ್ಪ."

"ತಳವಾರರು ಊರಿಗಿಷ್ಟು ಮಂದಿ ಇರತಾರ, ಹ್ಯಾಂಗ ಹುಡುಕಲಿ? ಖಸ್ಸಿ ಗಾಳೆಪ್ಪ ಅಂತ ಕೇಳತೀನಿ ಬಿಡು" ಎಂದು ಅವನು ಹುಂಜವನ್ನು ಕಂಕುಳಲ್ಲಿ ಇರುಕಿಕೊಂಡು ಜನರಲ್ಲಿ ಸೇರಿಹೋದ.

ಗಾಳೆಪ್ಪ ಅವನ ಹಿಂದೆ ಎರಡು ಹೆಜ್ಜೆ ಹೋದ. ಹಂಗ ಅನಬ್ಯಾಡ್ರಿ, 'ಖಸ್ಸಿವಾಲಾ' ಅನ್ರಿ ಎನ್ನಬೇಕೆಂದಿದ್ದ. ಅಡುಗೆಯವನ ರುಮಾಲು ಆಗಲೇ ಎತ್ತುಗಳ ಸಾಲಿನಾಚೆ ಹೋಗಿತ್ತು. ಅವನು ಹಿಂದಿರುಗಿದ.

ಉಡಚಮ್ಮ ಬರಿದಾದ ಬುಟ್ಟಿಯ ಪಕ್ಕದಲ್ಲಿ ಕೂತಿದ್ದಳು. ಮುಖವೆಲ್ಲ ಬೆವರು. ಅವನನ್ನು ನೋಡಿ ಏನೋ ಹೇಳಲು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೊರಳು ಹಿಡಿದುಕೊಂಡು ಮತ್ತೊಮ್ಮೆ ಪ್ರಯತ್ನಿಸಿದಳು. ಒಣ ಎಲೆ ತುಳಿದಂಥ ಸದ್ದು ಮಾತ್ರ ಬಂತು.

ಗಾಳೆಪ್ಪ ಮುದುಕಮ್ಮನ ಹತ್ತಿರ ಒಂದು ಮಗಿ ಕೇಳಿ ಪಡೆದು, ಅರವಟ್ಟಿಗೆಯವರೆಗೆ ಹೋಗಿ ನೀರು ತುಂಬಿಸಿಕೊಂಡು ಬಂದ. ಸಂತೆಯ ಜನ ಅವರ ಎರಡೂ ಪಕ್ಕದಲ್ಲಿ ನಡೆದಾಡುತ್ತಿದ್ದರು. ಉಡಚಮ್ಮ ಮೊಣಕಾಲ ಮೇಲೆ ಕೂತು ಬೊಗಸೆ ಒಡ್ಡಿದಳು. ಅವನು ಬಾಗಿ ಮಗಿ ವಾಲಿಸಿದ. ನೀರು ಅವಳ ಬೊಗಸೆ ತುಂಬಿ, ಮುಂಗೈ ಮೇಲೆ ಹರಿದು, ಮೊಣಕೈಯಿಂದ ಧೂಳಿಗೆ ಹನಿಯುತ್ತಿತ್ತು. ಅವಳು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಅವಳು ಸಾಕೆಂದು ತಲೆಯಾಡಿಸುವವರೆಗೂ ಅವನು ನೀರಿನ ಎಳೆ ಕಡಿಯದಂತೆ ಸಣ್ಣಗೆ ಸುರಿಯುತ್ತಲೇ ಇದ್ದ.